ಬಿಯೋ ಬಾಟಲಿ, ಹಳೇ ಬ್ರೆಡ್ಡು, ಕುರಿ ಹಾಲಿನ ಚೀಸು

"ಆರ್ಗ್ಯಾನಿಕ್ ವೈನ್ ಆರೋಗ್ಯಕ್ಕೆ ಒಳ್ಳೇದಂತೆ, ಹೌದಾ?" ನಾನು ಇಟಲಿಯಲ್ಲಿದ್ದೇನೆ ಅಂತ ಗೊತ್ತಾದವರು ಕೇಳುವ ಮೊದಲ ಪ್ರಶ್ನೆ ಇದು. ಇಲ್ಲ ಮಾರಾಯ್ರೇ. ಆಲ್ಕೋಹಾಲ್‌ಗೆ ಆರ್ಗ್ಯಾನಿಕ್ಕು ಗಿರ್ಗ್ಯಾನಿಕ್ಕು ಅಂತ ಭೇದ ಇಲ್ಲ. ಶೇ. 13 ಅಂತ ಬರೆದಿದ್ದರೆ ಅಷ್ಟೂ ಹೊಟ್ಟೆಗೆ ಹೋಗುತ್ತದೆ. ಕುಡಿಯದೇ ಇರುವವರು ಇದನ್ನು ನೆಪ ಮಾಡಿಕೊಂಡು ಶುರು ಮಾಡುವುದು ಬೇಡ.

ಹಾಗಾದರೆ ಆರ್ಗ್ಯಾನಿಕ್ ಅಂತ ತೋರಿಸಲು ಬಾಟಲಿ ಮೇಲೆ ಹಾಕುವ ಆ ಹಸಿರು ಎಲೆಯ ಗುರುತು ಯಾಕೆ? ಅದು ಹೆಚ್ಚಾಗಿ ತೋಟದ ಕಥೆ ಹೇಳುತ್ತದೆ. ಕಳೆನಾಶಕ ಇಲ್ಲ, ರಾಸಾಯನಿಕ ಗೊಬ್ಬರ ಇಲ್ಲ. ಯುರೋಪಿನಲ್ಲಿ ಮೊದಲು 'ಆರ್ಗ್ಯಾನಿಕ್ ದ್ರಾಕ್ಷಿಯಿಂದ ಮಾಡಿದ ವೈನ್' ಅಂತಷ್ಟೇ ಬರೆಯಬಹುದಿತ್ತು. 2012ರ ಬೆಳೆಯಿಂದ ವೈನನ್ನೇ ಆರ್ಗ್ಯಾನಿಕ್ ಅಂತ ಕರೆಯಲು ನಿಯಮ ಬಂತು. ಸಿಹಿಯಿಲ್ಲದ ಕೆಂಪು ವೈನ್‌ನಲ್ಲಿ ಲೀಟರಿಗೆ 100 ಮಿಲಿಗ್ರಾಂವರೆಗೆ ಸಲ್ಫೈಟ್, ಅಂದರೆ ವೈನ್ ಕೆಡದಂತೆ ಹಾಕುವ ಗಂಧಕದ ಸಂಯುಕ್ತ, ಇರಬಹುದು. ಮಾಮೂಲಿ ವೈನ್‌ಗೆ 150. ಕಡಿಮೆ ಹೌದು, ಸೊನ್ನೆ ಅಲ್ಲ.

ಇನ್ನೊಂದು ವಿಷಯ ಮಲೆನಾಡಿನವರಿಗೆ ತಟ್ಟನೆ ಅರ್ಥವಾಗುತ್ತದೆ. ಇಲ್ಲಿನ ಆರ್ಗ್ಯಾನಿಕ್ ತೋಟಗಳಲ್ಲೂ ತಾಮ್ರ ಹೊಡೆಯುತ್ತಾರೆ. ಅದೇ ನಮ್ಮ ಮೈಲುತುತ್ತು, ಸುಣ್ಣ. ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಹೆಸರೇ ಫ್ರಾನ್ಸಿನ ವೈನ್ ಸೀಮೆಯಿಂದ ಬಂದದ್ದು. ದ್ರಾಕ್ಷಿಗೆ ಬರುವ ಪೆರೊನೊಸ್ಪೊರಾ ಅನ್ನುವ ರೋಗ ಕೂಡ ಕೊಳೆರೋಗದ ಹತ್ತಿರದ ನೆಂಟನೇ. ಮಳೆ ಹಿಡಿದರೆ ಮುಗೀತು. 2023ರಲ್ಲಿ ಇಟಲಿಯ ಅಬ್ರುಝೋ ಸೀಮೆಯ ಬೆಳೆಯನ್ನು ಅದು ಕೆಟ್ಟದಾಗಿ ತಿಂದುಹಾಕಿತು. ಮಳೆಗೆ ತಾಮ್ರ ತೊಳೆದು ಹೋಗುತ್ತದೆ, ಮತ್ತೆ ಹೊಡೆಯಬೇಕು. ಹಾಗಂತ ಎಷ್ಟು ಬೇಕಾದರೂ ಹೊಡೆಯುವಂತಿಲ್ಲ, ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ಮಿತಿ. ಬಾಟಲಿಗೆ ಒಂದೆರಡು ಯೂರೋ ಜಾಸ್ತಿ ಕೊಡುವುದಾದರೆ ಈ ಕಷ್ಟಕ್ಕೆ ಕೊಡಿ, ನಿಮ್ಮ ಲಿವರ್‌ಗಾಗಿ ಅಲ್ಲ.

ನನ್ನ ಮನೆಯಲ್ಲಿ ಸದಾ ಇರುವುದು ಅದೇ ಅಬ್ರುಝೋದ ಕೆಂಪು ವೈನ್, ಮೊಂತೆಪುಲ್ಚಾನೊ ದಬ್ರುಝೋ. ಒಂದು ಕಡೆ ಅಪೆನ್ನೈನ್ ಬೆಟ್ಟ, ಇನ್ನೊಂದು ಕಡೆ ಆಡ್ರಿಯಾಟಿಕ್ ಸಮುದ್ರ, ನಡುವಿನ ಗುಡ್ಡಗಳಲ್ಲಿ ಬೆಳೆಯುವ ದ್ರಾಕ್ಷಿ. 1968ರಿಂದ ಇದಕ್ಕೆ ಸರ್ಕಾರಿ ಮುದ್ರೆ ಇದೆ. ಕನಿಷ್ಠ ಶೇ. 85 ಮೊಂತೆಪುಲ್ಚಾನೊ ತಳಿಯೇ ಇರಬೇಕು. ಟಸ್ಕನಿಯಲ್ಲಿ ಇದೇ ಹೆಸರಿನ ಊರಿದೆ, ಅಲ್ಲಿನ ವೈನ್ ಬೇರೆ, ತಳಿಯೂ ಬೇರೆ. ಅಂಗಡಿಯಲ್ಲಿ ಗಡಿಬಿಡಿ ಆದೀತು, ನೋಡಿಕೊಳ್ಳಿ. ಅಬ್ರುಝೋದ ಹಳೇ ತೋಟಗಳಲ್ಲಿ ಬಳ್ಳಿಯನ್ನು ವಿಜಯಪುರದ ಕಡೆಯಂತೆ ಚಪ್ಪರಕ್ಕೆ ಹಬ್ಬಿಸಿರುತ್ತಾರೆ. ತೊರಾನೊ ನೂವೊ ಊರಿನ ಎಮಿದಿಯೊ ಪೇಪೆ ಮನೆತನದವರು 1964ರಿಂದ ವೈನ್ ಮಾಡುತ್ತಿದ್ದಾರೆ, ಇವತ್ತಿಗೂ ಬಿಳಿ ದ್ರಾಕ್ಷಿಯನ್ನು ಕಾಲಲ್ಲೇ ತುಳಿಯುತ್ತಾರೆ, ಕೆಂಪು ದ್ರಾಕ್ಷಿಯನ್ನು ಕೈಯಲ್ಲೇ ಬಿಡಿಸುತ್ತಾರೆ. ಅದು ಹಬ್ಬಕ್ಕೂ ದುಬಾರಿ. ದಿನದ ಊಟಕ್ಕೆ ರೈತರ ಸಹಕಾರ ಸಂಘಗಳ ಬಿಯೋ ಬಾಟಲಿ ಸಾಕು. ಇಲ್ಲಿ ಆರ್ಗ್ಯಾನಿಕ್ ಅನ್ನುವುದಿಲ್ಲ, ಬಿಯೋ ಅನ್ನುತ್ತಾರೆ.

ಈಗ ಊಟದ ವಿಷಯ. ಈ ವೈನ್‌ಗೆ ನನ್ನ ಪ್ರಕಾರ ಅತ್ಯುತ್ತಮ ಜೋಡಿ ಪಲ್ಲೊತ್ತೆ ಕಾಚೊ ಎ ಓವಾ. ಮಾಂಸಕ್ಕೆ ದುಡ್ಡಿಲ್ಲದವರು ಕಂಡುಕೊಂಡ ಅಡುಗೆ. ಒಣಗಿದ ಹಳೇ ಬ್ರೆಡ್, ತುರಿದ ಚೀಸ್, ಮೊಟ್ಟೆ ಕಲಸಿ ಉಂಡೆ ಕಟ್ಟುತ್ತಾರೆ. ಎಣ್ಣೆಯಲ್ಲಿ ಕರಿದು, ಆಮೇಲೆ ಟೊಮೆಟೊ ಸಾಸ್‌ನಲ್ಲಿ ಸಣ್ಣ ಉರಿಯಲ್ಲಿ ಕುದಿಸುತ್ತಾರೆ. ನಮ್ಮ ನುಚ್ಚಿನುಂಡೆ ಮಜ್ಜಿಗೆಹುಳಿಗೆ ಬಿದ್ದ ಹಾಗೆ. ಉಂಡೆ ಸಾಸ್ ಕುಡಿದು ಉಬ್ಬುತ್ತದೆ. ಕರಿದ ಜಿಡ್ಡು, ಚೀಸಿನ ಉಪ್ಪು ವೈನಿನ ಒಗರನ್ನು ತಗ್ಗಿಸುತ್ತವೆ. ಟೊಮೆಟೊ ಹುಳಿಗೆ ವೈನಿನ ಹುಳಿ ಸರಿಸಮ ನಿಲ್ಲುತ್ತದೆ. ಹುಳಿಯಿಲ್ಲದ ಮೆತ್ತನೆ ವೈನ್ ಆಗಿದ್ದರೆ ಟೊಮೆಟೊ ಮುಂದೆ ಸಪ್ಪೆ ಹೊಡೆಯುತ್ತಿತ್ತು. ಮಾಂಸ ತಿನ್ನುವವರಿಗೆ ಅರ್ರೊಸ್ತಿಚೀನಿ ಇದೆ. ಕುರಿ ಮಾಂಸದ ಪುಟ್ಟ ತುಂಡುಗಳನ್ನು ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಡುವುದು, ಉಪ್ಪು ಬಿಟ್ಟರೆ ಬೇರೆ ಮಸಾಲೆ ಇಲ್ಲ. ಸಾಂತೊ ಸ್ಟೆಫಾನೊ ದಿ ಸೆಸ್ಸಾನಿಯೊ ಅನ್ನುವ ಬೆಟ್ಟದ ಹಳ್ಳಿಯಲ್ಲಿ ಬೆಳೆಯುವ ಸಣ್ಣ ಮಸೂರ್ ಬೇಳೆಯ ಸೂಪ್‌ಗೂ ಇದೇ ವೈನ್ ನಡೆಯುತ್ತದೆ.

ಚೀಸ್ ಬಗ್ಗೆ ನನಗೊಂದು ತಕರಾರಿದೆ. ಕೆಂಪು ವೈನ್ ಅಂದಕೂಡಲೇ ಹತ್ತು ಥರದ ಚೀಸ್ ಜೋಡಿಸಿದ ಹಲಗೆ ತಂದಿಡುತ್ತಾರಲ್ಲ, ಅದರಲ್ಲಿ ಅರ್ಧದಷ್ಟು ಈ ವೈನ್‌ಗೆ ಹೊಂದುವುದೇ ಇಲ್ಲ. ಗೊರ್ಗೊಂಝೋಲಾದಂಥ ನೀಲಿ ಬೂಷ್ಟಿನ ಚೀಸ್ ತಿಂದು ಒಂದು ಗುಟುಕು ಕುಡಿಯಿರಿ, ಬಾಯಿ ಕಹಿ ಕಹಿ. ಅದಕ್ಕೆ ಸಿಹಿ ವೈನೇ ಬೇಕು. ತಾಜಾ ಮೊಝ್ಝರೆಲ್ಲಾ, ರಿಕೊತ್ತಾ ಈ ವೈನ್ ಮುಂದೆ ಪತ್ತೆಯೇ ಇರುವುದಿಲ್ಲ. ಹೊಂದುವುದು ಕೆಲವು ತಿಂಗಳು ಮಾಗಿದ ಪೆಕೊರಿನೊ, ಅಂದರೆ ಕುರಿ ಹಾಲಿನ ಚೀಸ್. ಇಲ್ಲವೇ ಕಾವಲಿಯಲ್ಲಿ ಸುಟ್ಟ ಸ್ಕಮೊರ್ಝಾ ಚೀಸ್. ಅಂಚು ಗರಿಗರಿ, ಒಳಗೆ ಜಿಗುಟು. ಅದರ ಜೊತೆ ಬ್ರೆಡ್ ಇದ್ದರೆ ನನಗೆ ರಾತ್ರಿ ಊಟವೇ ಆಯಿತು.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ನಿಲ್ಲಿ. ಸಾಂಪ್ರದಾಯಿಕ ಪೆಕೊರಿನೊಗೆ ಹಾಲು ಒಡೆಸುವುದು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಅನ್ನುವ ಕಿಣ್ವದಿಂದ. ಪಾರ್ಮಿಜಾನೊ ಚೀಸ್‌ಗೆ ಕರುವಿನದು. ಅಬ್ರುಝೋದ ಹೆಸರುವಾಸಿ ಫಾರಿಂದೊಲಾ ಪೆಕೊರಿನೊಗೆ ಹಂದಿಯದು! ವೈನ್ ತಿಳಿಯಾಗಿಸಲು ಮೊಟ್ಟೆಯ ಬಿಳಿ ಬಳಸುವವರೂ ಇದ್ದಾರೆ, ಆರ್ಗ್ಯಾನಿಕ್ ನಿಯಮ ಅದನ್ನು ತಡೆಯುವುದಿಲ್ಲ. ವೀಗನ್ ಗುರುತು ಬೇರೆಯೇ ಇರುತ್ತದೆ, ಅದನ್ನು ಹುಡುಕಿ.

ನಮ್ಮ ಅಡುಗೆ ಜೊತೆ? ಸಾರು, ಹುಳಿ ಜೊತೆ ದಯವಿಟ್ಟು ಬೇಡ. ಮೆಣಸಿನ ಖಾರಕ್ಕೆ ಆಲ್ಕೋಹಾಲ್ ಸೇರಿದರೆ ಉರಿ ಇನ್ನೂ ಏರುತ್ತದೆ. ಖಾರ ಕಡಿಮೆ ಹಾಕಿದ ಬದನೆಕಾಯಿ ಎಣ್ಣೆಗಾಯಿ ಮಾತ್ರ ಚೆನ್ನಾಗಿ ಹೋಗುತ್ತದೆ. ಶೇಂಗಾ, ಎಳ್ಳಿನ ಜಿಡ್ಡು ಇದೆಯಲ್ಲ, ಅದಕ್ಕೆ. ಬೇಸಿಗೆಯಾದರೆ ಬಾಟಲಿಯನ್ನು ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಡಿ. ಕೆಂಪು ವೈನ್ ತಣ್ಣಗಾಗಬಾರದು ಅನ್ನುವವರ ಮನೆಯಲ್ಲಿ 30 ಡಿಗ್ರಿ ಇರಲಿಕ್ಕಿಲ್ಲ. ಉಳಿದರೆ ಬಿರಡೆ ಹಾಕಿ ಮತ್ತೆ ಫ್ರಿಜ್‌ಗೆ, ಎರಡು ಮೂರು ದಿನ ತೊಂದರೆ ಇಲ್ಲ. ಆಮೇಲೂ ಮಿಕ್ಕಿದ್ದನ್ನು ಟೊಮೆಟೊ ಸಾಸ್‌ಗೆ ಸುರಿದುಬಿಡಿ.