ಕೋಶದ ಹೊರಗೆ ಬಾಲ ಬೆಳೆಸುವ ವೈರಸ್

ಆರ್ಕಿಯಾ ಎಂಬ ಏಕಕೋಶ ಸೂಕ್ಷ್ಮಜೀವಿಗಳಿಗೆ ತಗಲುವ ವೈರಸ್‌ಗಳ ಬೆನ್ನು ಹತ್ತಿದ ವಿಜ್ಞಾನಿ ಡೇವಿಡ್ ಪ್ರಾಂಗಿಶ್ವಿಲಿ ಅವರ ಬಗ್ಗೆ ನಿಮ್ಮ ಲೇಖನ ಓದಿ ಖುಷಿಯಾಯಿತು. ಆದರೆ ಆರ್ಕಿಯಾ ಎಂದರೆ ‘ಒಂದು ಬಗೆಯ ಬ್ಯಾಕ್ಟೀರಿಯಾ’ ಎಂದಿದ್ದೀರಿ, ಅದು ಸರಿಯಲ್ಲ. ಇವು ಬೇರೆಯದೇ ಗುಂಪು ಎಂದು ಅಮೆರಿಕದ ವಿಜ್ಞಾನಿಗಳಾದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲೇ ತೋರಿಸಿದ್ದರು.

ನನಗೆ ಜಾಸ್ತಿ ಬೆರಗು ಹುಟ್ಟಿಸಿದ್ದು ಇಟಲಿಯ ಪೊಝುವೋಲಿಯ ಬಿಸಿನೀರಿನ ಬುಗ್ಗೆಯಲ್ಲಿ ಸಿಕ್ಕ, ಆರ್ಕಿಯಾಗೆ ತಗಲುವ ಎರಡು ಬಾಲದ ವೈರಸ್. ಜೀವಕೋಶದಿಂದ ಹೊರಬರುವಾಗ ಅದಕ್ಕೆ ಬಾಲವೇ ಇಲ್ಲ, ನಿಂಬೆಹಣ್ಣಿನ ಆಕಾರ ಅಷ್ಟೇ. ಆಮೇಲೆ ಹೊರಗೆ, ಸುಮಾರು 85 ಡಿಗ್ರಿ ಬಿಸಿಯಲ್ಲಿ, ಯಾರ ನೆರವೂ ಇಲ್ಲದೆ ಎರಡೂ ತುದಿಯಲ್ಲಿ ಬಾಲ ಬೆಳೆಸಿಕೊಳ್ಳುತ್ತದೆ! ಕೋಶದ ಹೊರಗೆ ವೈರಸ್ ಸುಮ್ನೆ ಬಿದ್ದಿರುತ್ತದೆ ಅಂತ ತಾನೇ ನಾವೆಲ್ಲ ಶಾಲೆಯಲ್ಲಿ ಓದಿದ್ದು, ಅಲ್ವಾ?

ಸಲ್ಫೋಲೋಬಸ್ ಎಂಬ ಆರ್ಕಿಯಾದ ಕೋಶದ ಮೇಲೆ ಏಳು ಮುಖದ ಪಿರಮಿಡ್ ಕಟ್ಟಿ, ಅದನ್ನು ಬಾಗಿಲಿನಂತೆ ತೆರೆದು ಹೊರಬರುವ ವೈರಸ್‌ಗಳ ಬಗ್ಗೆಯೂ ಬರೆಯಿರಿ.