ತಿಹ್ವಾನಾದ ಪಟ್ಟೆ ಕತ್ತೆ

ಬೆಂಗಳೂರಿನ ಕೆಫೆಗಳಲ್ಲಿ ಸೀಸರ್ ಸಲಾಡ್ ತರಿಸಿಕೊಳ್ಳುವ ಅನೇಕರು ಅದನ್ನು ರೋಮಿನ ಸೀಸರನಿಗೆ ಅಂಟಿಸಿಬಿಡುತ್ತಾರೆ. ಅದರ ತವರು ಮೆಕ್ಸಿಕೊದ ಗಡಿ ಊರು ತಿಹ್ವಾನಾ. ಇಟಲಿ ಮೂಲದ ಸೀಸರ್ ಕಾರ್ಡಿನಿ 1924ರ ಜುಲೈ 4ರಂದು ಅಲ್ಲಿ ಮೊದಲು ಕಲಸಿದ್ದು ಎಂದು ಪ್ರತೀತಿ. ಅದೇ ಹೆಸರಿನ ಹೋಟೆಲ್ ಈಗಲೂ ಅವೆನಿದಾ ರೆವೊಲುಸಿಯೋನ್‌ನಲ್ಲಿದೆ. ಊರವರ ಬಾಯಲ್ಲಿ ಆ ಬೀದಿ ಬರೀ 'ಲಾ ರೆವು'.

ಮನೆ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿದ್ದರೂ ಕಾರ್ಡಿನಿ ಹೋಟೆಲ್ ಇಟ್ಟದ್ದು ಗಡಿಯಾಚೆ. ಕಾರಣ, 1920ರ ಜನವರಿಯಿಂದ ಅಮೆರಿಕದಲ್ಲಿ ಪಾನನಿಷೇಧ. ಬಾಯಾರಿದವರೆಲ್ಲ ಗಡಿ ದಾಟಿದರು, ಬೀದಿಗೆ ಬೀದಿಯೇ ಬಾರ್ ಆಯಿತು. 1933ರ ಡಿಸೆಂಬರಿನಲ್ಲಿ ನಿಷೇಧ ಹೋಯಿತು. 1935ರಲ್ಲಿ ಮೆಕ್ಸಿಕೊ ಅಧ್ಯಕ್ಷ ಕಾರ್ದೆನಾಸ್ ಜೂಜನ್ನೂ ನಿಲ್ಲಿಸಿದರು. ಎರಡನೇ ಮಹಾಯುದ್ಧದಲ್ಲಿ ಸ್ಯಾನ್ ಡಿಯಾಗೋದ ನಾವಿಕರು ಮತ್ತೆ ಬೀದಿ ತುಂಬಿದರು.

'ಇದು ಅಸಲಿ ಮೆಕ್ಸಿಕೊ ಅಲ್ಲ, ಎಲ್ಲ ನಾಟಕ' ಎಂದು ಮೂಗು ಮುರಿಯುವವರು ಮೊದಲು ತೋರಿಸುವುದು ಅಲ್ಲಿನ ಪಟ್ಟೆ ಬಳಿದ ಕತ್ತೆಯನ್ನು. ನನ್ನ ತಕರಾರು ಇಲ್ಲೇ. ಕತ್ತೆ ಗಾಡಿಯ ಮೇಲೆ ಪ್ರವಾಸಿಯನ್ನು ಕೂರಿಸಿ, ತಲೆಗೆ ಸೊಂಬ್ರೆರೊ ಇಟ್ಟು, ಹಿಂದೆ ಬಣ್ಣದ ಪರದೆ ಬಿಟ್ಟು ಫೋಟೊ ತೆಗೆಯುವುದು ಅಲ್ಲಿಯ ಹಳೇ ಕಸುಬು. ಆಗ ಇದ್ದದ್ದು ಕಪ್ಪು-ಬಿಳುಪು ಫೋಟೊ. ಬಿಳಿ ಕತ್ತೆ ಬಿಸಿಲಲ್ಲಿ ತಿಳಿ ಹಿನ್ನೆಲೆಯೊಳಗೆ ಕರಗಿ, ಪ್ರಿಂಟಿನಲ್ಲಿ ಅದರ ಮೈಯೇ ಕಾಣುತ್ತಿರಲಿಲ್ಲ. ಅದಕ್ಕೇ ಕಪ್ಪು ಪಟ್ಟೆ ಎಳೆದರು. ಅದು ಕಸುಬುದಾರನ ಲೆಕ್ಕ, ಮೋಸವಲ್ಲ. ಈ ಪಟ್ಟೆ ಕತ್ತೆಗೆ ಝೀಬ್ರಾ, ಡಾಂಕಿ ಎರಡೂ ಸೇರಿಸಿ 'ಝೋಂಕಿ' ಎನ್ನುತ್ತಾರೆ. ಅಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡವೂ ಅದೇ 'ಝೋಂಕೀಸ್' ಹೆಸರು ಇಟ್ಟುಕೊಂಡಿದೆ.

ಸಲಾಡಿನ ವಿಷಯದಲ್ಲಿ ನಾವೇ ಹಾದಿ ತಪ್ಪಿದ್ದೇವೆ. ಹಳೇ ಕ್ರಮದಲ್ಲಿ ರೊಮೇನ್ ಲೆಟಿಸ್ ಸೊಪ್ಪಿನ ಎಲೆ ಇಡಿಯಾಗಿರಬೇಕು, ದಂಟು ಹಿಡಿದು ಕೈಯಲ್ಲೇ ತಿನ್ನುವುದು. ಮೊಟ್ಟೆ ಬಿಸಿನೀರಲ್ಲಿ ಒಂದೇ ನಿಮಿಷ. ಬೆಳ್ಳುಳ್ಳಿ, ವೂಸ್ಟರ್ ಸಾಸ್, ಪಾರ್ಮೆಸಾನ್, ಎಣ್ಣೆ, ಹಸಿರು ನಿಂಬೆರಸ. ನಮ್ಮ ನಿಂಬೆ ಇದಕ್ಕೆ ಸರಿಯಾಗಿ ಹೊಂದುತ್ತದೆ. ಎಲೆಯನ್ನು ಬಟ್ಟೆಯಲ್ಲಿ ಒರೆಸಿ ಒಣಗಿಸದಿದ್ದರೆ ಮಸಾಲೆ ಜಾರಿ ತಳ ಸೇರುತ್ತದೆ. ಎಣ್ಣೆ ಒಮ್ಮೆಲೇ ಸುರಿದರೆ ಮಸಾಲೆ ಒಡೆಯುತ್ತದೆ. ಕೋಳಿ ತುಂಡು, ಮಯನೇಸ್ ಎಲ್ಲ ಆಮೇಲಿನ ಸೇರ್ಪಡೆ.

2001ರ ಸೆಪ್ಟೆಂಬರ್ ದಾಳಿಯ ನಂತರ ಗಡಿಯ ಸಾಲು ಉದ್ದವಾಯಿತು. 2009ರ ಜೂನ್‌ನಿಂದ ಅಮೆರಿಕನ್ನರಿಗೂ ವಾಪಸಾಗಲು ಪಾಸ್‌ಪೋರ್ಟ್ ಅಥವಾ ಅಂಥದ್ದೇ ಕಾರ್ಡ್ ಬೇಕಾಯಿತು. ಜೊತೆಗೆ ಗ್ಯಾಂಗುಗಳ ಕಾಳಗ. ಅಂಗಡಿಗಳು ಸಾಲುಸಾಲಾಗಿ ಬಾಗಿಲು ಹಾಕಿದವು. ಪ್ರವಾಸಿ ಬಾರದ ಆ ಖಾಲಿ ಮಳಿಗೆಗಳಿಗೆ, ಪಾಸಾಹೆ ರೊದ್ರಿಗೆಸ್‌ನಂಥ ಓಣಿಗಳಿಗೆ, ಊರಿನ ಕಲಾವಿದರು ಬಂದು ಸೇರಿಕೊಂಡರು.

ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಒಂದು ಮಾತು: ಸ್ಯಾನ್ ಡಿಯಾಗೋದ ನೀಲಿ ಟ್ರಾಲಿ ಗಡಿಯಂಚಿನ ಸಾನ್ ಇಸಿದ್ರೊವರೆಗೆ ಬರುತ್ತದೆ, ಅಲ್ಲಿಂದ ನಡಿಗೆ. ಹೊರಡುವ ಮುನ್ನ ಪಾಸ್‌ಪೋರ್ಟಿನ ಅಮೆರಿಕ ವೀಸಾ ತಾರೀಖು ನೋಡಿಕೊಳ್ಳಿ. ಹೋಗುವಾಗ ನಿಮಿಷಗಳ ಮಾತು. ವಾರಾಂತ್ಯದ ಸಂಜೆ ವಾಪಸು ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗಬಹುದು.