ನಾಲ್ಕನೇ ವರ್ಷದ ರಿಸರ್ಚ್: ನನ್ನ ಮೆಸೇಜಿಗೆ ಸ್ಪಷ್ಟನೆ

ಮೊನ್ನೆ ನಾನೇ ಹಾಕಿದ ಮೆಸೇಜ್ ಈಗ ನಮ್ಮ ಕಾಸರಗೋಡಿನ ಮಂಜೇಶ್ವರ, ಕುಂಬಳೆ ಕಡೆಯೆಲ್ಲ ಸುತ್ತುತ್ತಾ ಉಂಟು, ನಾಲ್ಕು ವರ್ಷದ ಡಿಗ್ರಿಗೆ ಸೇರಿದವರಿಗೆಲ್ಲ ಕೊನೇ ವರ್ಷ ಗಡಿನಾಡ ಭಾಷೆ, ಸಂಸ್ಕೃತಿ ಮೇಲೆ ರಿಸರ್ಚ್ ಸಿಗ್ತದೆ ಅಂತ. ಅದು ತಪ್ಪು, ಎಲ್ಲರಿಗೂ ಇಲ್ಲ. ಯುಜಿಸಿಯ (ಯುನಿವರ್ಸಿಟಿಗಳಿಗೆ ನಿಯಮ ಮಾಡುವ ಕೇಂದ್ರದ ಆಯೋಗ) 2022ರ ಚೌಕಟ್ಟಲ್ಲಿ ಇರುವುದು ಹೀಗೆ: ಮೊದಲ ಆರು ಸೆಮಿಸ್ಟರಲ್ಲಿ ಶೇ. 75 ಅಥವಾ ಜಾಸ್ತಿ ಮಾರ್ಕ್ ಇದ್ದವರು ಮಾತ್ರ ರಿಸರ್ಚ್ ತಗೊಳ್ಬಹುದು, ಪ್ರಾಜೆಕ್ಟಿಗೆ 12 ಕ್ರೆಡಿಟ್ (ಡಿಗ್ರಿಯಲ್ಲಿ ಓದಿನ ಲೆಕ್ಕ ಹಾಕುವ ಪಾಯಿಂಟ್). ಕೇರಳದಲ್ಲಿ ಈ ಡಿಗ್ರಿ ಶುರುವಾದದ್ದೇ 2024ರಲ್ಲಿ, ಮೊದಲ ಬ್ಯಾಚ್ ನಾಲ್ಕನೇ ವರ್ಷಕ್ಕೆ ಬರುವುದು 2027ಕ್ಕೆ. ನಮ್ಮ ಪಕ್ಕದ ಮನೆ ಹುಡುಗಿ ಅಜ್ಜಿ ಹೇಳುವ ತುಳು-ಕನ್ನಡ ಬೆರೆತ ಗಾದೆಗಳನ್ನ ಫೋನಲ್ಲಿ ರೆಕಾರ್ಡ್ ಮಾಡ್ಲಿಕ್ಕೆ ಆಗಲೇ ಶುರು ಮಾಡಿದ್ದಾಳೆ (ಅಜ್ಜಿ ನಡುನಡುವೆ ಕೋಳಿ ಓಡಿಸುವ ಸದ್ದೂ ಉಂಟು!), ಅದು ನಿಲ್ಲಿಸ್ಬೇಡ, ಮಾರ್ಕೂ ನೋಡ್ಕೋ ಅಂದೆ. ಹಳೇ ಮೆಸೇಜ್ ಇನ್ನು ಫಾರ್ವರ್ಡ್ ಮಾಡ್ಬೇಡಿ ಮಾರಾಯ್ರೆ.